ಶಾಲು ಸಾಕು ಸ್ವಾಮಿ, ಮೊಬೈಲ್ ತೆಗೆಯಿರಿ

ನವೆಂಬರ್ ಬಂತೆಂದರೆ ನಮ್ಮ ಬ್ಯಾಂಕಿನಲ್ಲಿ ಪೆನ್ಶನ್‌ದಾರರ ಜಾತ್ರೆ. "ನಾನಿನ್ನೂ ಬದುಕಿದ್ದೇನೆ" ಅಂತ ವರ್ಷಕ್ಕೊಮ್ಮೆ ರುಜುವಾತು ಮಾಡಬೇಕಲ್ಲ! 2014ರಿಂದ ಅದಕ್ಕೂ 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ವ್ಯವಸ್ಥೆ ಬಂದಿದೆ. ಕಳೆದ ಸಲ ಡೊಂಬಿವಲಿಯ ಒಬ್ಬರು ಅಮ್ಮ ಬಂದಿದ್ದರು, ಕುಂದಾಪುರದ ಕಡೆಯವರು. ರೈಲ್ವೆಯಲ್ಲಿದ್ದ ಗಂಡನ ಫ್ಯಾಮಿಲಿ ಪೆನ್ಶನ್. ಯಂತ್ರ ಅವರ ಬೆರಳಚ್ಚು ಹಿಡಿಯಲೇ ಇಲ್ಲ.

"ಬೆರಳು ಒರೆಸಿ ಇಡಿ ಅಮ್ಮಾ" ಎಂದೆ.

"ಒರೆಸಿದರೆ ಗೆರೆ ಬರ್ತದಾ ಮಾರಾಯ್ರೆ? ಇಪ್ಪತ್ತು ವರ್ಷ ಚಾಳಿನಲ್ಲಿ ಕೂತು ಹೋಟೆಲಿಗೆ ಹಿಟ್ಟು ರುಬ್ಬಿದ ಕೈ ಇದು."

ಕೊನೆಗೆ ಮುಖದ ಫೋಟೋದಿಂದ ಕೆಲಸ ಆಯಿತು. ಅಮ್ಮ ಮಾತ್ರ ಏಳಲಿಲ್ಲ. ಕೊಂಕಣ ರೈಲು ಬರುವ ಮೊದಲು, ಅಂದರೆ 1998ಕ್ಕೂ ಮುಂಚೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದದ್ದನ್ನೆಲ್ಲ ಹೇಳಿದರು. ಹಿಂದೆ ಕ್ಯೂ ಗೊಣಗುತ್ತಿತ್ತು. ಈಗ ಮಗನ ಮನೆ ಹದಿನೇಳನೇ ಮಹಡಿಯಲ್ಲಿ. ಮಗ ಸೊಸೆ ಬೆಳಗಿನ ಲೋಕಲ್ ಹಿಡಿದರೆ ಬರುವುದು ರಾತ್ರಿ. ಮೊಮ್ಮಗನಿಗೆ ಕನ್ನಡ ಬಾರದು. "ಇಷ್ಟು ಕನ್ನಡ ಮಾತಾಡಿ ಎಷ್ಟು ದಿನ ಆಯ್ತೋ" ಅಂದರು.

ಈಗ ಹೇಳಿ, ಇಂಥವರಿಗೆ ನಮ್ಮ ಸಂಘಗಳು ಏನು ಮಾಡುತ್ತಿವೆ? ಥಾಣೆ, ಕಲ್ಯಾಣ್, ನವಿ ಮುಂಬಯಿ, ಎಲ್ಲಿ ಹೋದರೂ ವಾರ್ಷಿಕೋತ್ಸವದಲ್ಲಿ ಅದೇ ಶಾಲು, ಅದೇ ಹಾರ, ಅದೇ ಹಣ್ಣಿನ ಬುಟ್ಟಿ. ಸನ್ಮಾನ ದೇಣಿಗೆ ಕೊಟ್ಟವರಿಗೆ. ಹಿಟ್ಟು ರುಬ್ಬಿದವರು ಕೊನೆಯ ಸಾಲಿನ ಕುರ್ಚಿಯಲ್ಲಿ. ನಾನೂ ರಸೀದಿ ಪುಸ್ತಕ ಹಿಡಿದು ತಿರುಗಿದವನೇ, ಬೈಗುಳದಲ್ಲಿ ನನಗೂ ಪಾಲಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬಯಿಯಲ್ಲಿ ರಾತ್ರಿಶಾಲೆ ನಡೆಸಿ, ಹಗಲೆಲ್ಲ ದುಡಿದ ಹುಡುಗರಿಗೆ ಅಕ್ಷರ ಕಲಿಸಿದವು. ಆಗಿನ ಅಗತ್ಯ ಅದು. ಆ ಪೀಳಿಗೆಗಳೆಲ್ಲ ದಾಟಿ ಬಂದ ನಮ್ಮ ಹಿರಿಯರಿಗೆ ಈಗ ಬೇಕಾದದ್ದು ಕೇಳುವ ಕಿವಿ.

ದಾರಿ ಇಲ್ಲವೇ? ಇದೆ, ನಮ್ಮ ಜೇಬಿನಲ್ಲೇ ಇದೆ. 'ಡಿಜಿಟಲ್ ಸ್ಟೋರಿಟೆಲ್ಲಿಂಗ್' ಅಂತ ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಪದ್ಧತಿ. ಬಿಬಿಸಿಯವರು ವೇಲ್ಸ್‌ನಲ್ಲಿ 2001ರಿಂದ 2008ರವರೆಗೆ ಊರೂರಿಗೆ ಹೋಗಿ ಇದನ್ನೇ ಮಾಡಿದರು. ಒಂದಷ್ಟು ಜನ ಸುತ್ತ ಕೂರುವುದು, ಒಬ್ಬೊಬ್ಬರೇ ತಮ್ಮ ಬದುಕಿನ ಒಂದು ಕಥೆ ಹೇಳುವುದು, ಅದನ್ನು ಅವರದೇ ದನಿಯಲ್ಲಿ ಎರಡು ಮೂರು ನಿಮಿಷಕ್ಕೆ ರೆಕಾರ್ಡ್ ಮಾಡಿ ಅವರ ಟ್ರಂಕಿನಲ್ಲಿರುವ ಹಳೇ ಫೋಟೋ ಜೋಡಿಸುವುದು. ಆಮೇಲೆ ಎಲ್ಲರೂ ಒಟ್ಟಿಗೆ ನೋಡುವುದು. ಹಾರದ ಖರ್ಚೂ ಇಲ್ಲ!

ಸಮಿತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಮಹನೀಯರು, "ಯೂಟ್ಯೂಬಿಗೆ ಹಾಕಿದರೆ ಇದನ್ನೆಲ್ಲ ಯಾರು ನೋಡ್ತಾರೆ ಸಾರ್?" ಎಂದರು. ಯಾರೂ ನೋಡಬೇಕಾಗಿಲ್ಲ ಸ್ವಾಮಿ! ಆ ಅಮ್ಮ ಬೇಡ ಅಂದರೆ ಹಾಕಲೂಬಾರದು, ಕಥೆ ಅವರ ಸೊತ್ತು. ಪಕ್ಕದ ಕಟ್ಟಡದಲ್ಲಿ ಅವರಂಥದೇ ಇನ್ನೊಬ್ಬರು ಇದ್ದಾರೆಂದು ಆ ಕೋಣೆಯಲ್ಲಿ ಕೂತಾಗ ಗೊತ್ತಾಗಬೇಕು, ಅಷ್ಟೆ. ಇನ್ನೊಬ್ಬರು "ವಾಟ್ಸಾಪ್ ಗ್ರೂಪ್ ಇದೆಯಲ್ಲ" ಎಂದರು. ಇದೆ, ಬೆಳಿಗ್ಗೆ ನಲವತ್ತು ಗುಲಾಬಿ ಹೂ ಬರುತ್ತವೆ. ಅಮ್ಮ ಊಟ ಮಾಡಿದರಾ ಅಂತ ಒಬ್ಬರೂ ಕೇಳುವುದಿಲ್ಲ.

ಒಂದೇ ಒಂದು ಕೋರಿಕೆ. ಮೈಕ್ ಕಂಡ ಕೂಡಲೇ ಅವರ ಭಾಷೆ ತಿದ್ದಬೇಡಿ. ಕುಂದಾಪುರದ ಕನ್ನಡವೋ, ತುಳುವೋ, ಅರ್ಧ ಮರಾಠಿಯೋ, ಬಂದ ಹಾಗೆ ಬರಲಿ.

ಅಮ್ಮ ಹೋಗುವಾಗ ತಾವಾಗಿಯೇ ಮನೆಯ ನಂಬರ್ ಬರೆದುಕೊಟ್ಟರು. ನಾಲ್ಕು ತಿಂಗಳು ಅದು ನನ್ನ ಡ್ರಾಯರಿನಲ್ಲೇ ಇತ್ತು, ನಾಚಿಕೆಗೇಡು. ಮೊನ್ನೆ ಫೋನ್ ಮಾಡಿದೆ. ಈ ಭಾನುವಾರ ಹೋಗುತ್ತಿದ್ದೇನೆ, ಮೊಮ್ಮಗನಿಗೆ ಮನೆಯಲ್ಲೇ ಇರಲು ಹೇಳಿಸಿದ್ದೇನೆ. ಮೊಬೈಲ್ ಹಿಡಿಯುವ ಕೆಲಸ ಅವನದು, ಅಜ್ಜಿ ಹೇಳಿದ್ದು ಅರ್ಥವಾಗದಿದ್ದರೆ ಕೇಳಲಿ.