ಯುವ ಮಿತ್ರರೊಡನೆ: ಕಪಾಟಿನಲ್ಲಿ ಕಾಯುತ್ತಿರುವ ಕಾದಂಬರಿಕಾರರು



ಹೆಸರಾಂತ ಲೇಖಕರೊಬ್ಬರು ತಮ್ಮ ಹೊಸ ಕೃತಿಯ ಬಗ್ಗೆ ಮಾತಾಡಲು ಗ್ರಂಥಾಲಯಕ್ಕೆ ಬಂದರೆ ನೀವು ಏನು ಕೇಳುತ್ತೀರಿ? "ಇದನ್ನು ಏಕೆ ಬರೆದಿರಿ?" ಎಂದು ತಾನೆ? ಎಸ್. ಎಲ್. ಭೈರಪ್ಪನವರ ಒಂದು ಪುಸ್ತಕದ ಹೆಸರೇ 'ನಾನೇಕೆ ಬರೆಯುತ್ತೇನೆ?'. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡರು. ಇನ್ನು ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳುವಂತಿಲ್ಲ. ಅವರ ಪುಸ್ತಕಗಳನ್ನೇ ಕೇಳಬೇಕು.

ಭೈರಪ್ಪನವರು ಗುಜರಾತಿಗೆ ಹೊರಗಿನವರಲ್ಲ. ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ. ಪಾಠ ಹೇಳಿದ್ದು ವಲ್ಲಭ ವಿದ್ಯಾನಗರದಲ್ಲಿ. ಅಹಮದಾಬಾದಿನಿಂದ ಸೂರತ್ ಕಡೆಗೆ ರೈಲಿನಲ್ಲಿ ಹೋಗುವಾಗ ಆಣಂದ್ ಸಿಗುತ್ತದಲ್ಲ, ಅದರ ಪಕ್ಕದ ಊರು. 'ವಂಶವೃಕ್ಷ' ಕಾದಂಬರಿ 1965ರಲ್ಲಿ ಹೊರಬಂದದ್ದು ಅವರ ಆ ದಿನಗಳಲ್ಲೇ. ಸುತ್ತಲೂ ಗುಜರಾತಿ ಮಾತು. ಕಥೆಯಲ್ಲಿ ಮಾತ್ರ ನಂಜನಗೂಡು, ಕಪಿಲಾ ನದಿ, ಮೈಸೂರು. ವಿಧವೆ ಕಾತ್ಯಾಯನಿ ಓದಲು ಹೊರಟು, ಮರುಮದುವೆಯಾಗುತ್ತಾಳೆ. ಮಗ ಮಾತ್ರ ಮಾವ ಶ್ರೀನಿವಾಸ ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತಾನೆ. ಯಾರು ಸರಿ? ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

1979ರ 'ಪರ್ವ' ಬರೆಯುವ ಮುನ್ನ ಅವರು ಮಹಾಭಾರತದ ಊರುಗಳನ್ನು ಸುತ್ತಿದರು. ನಮ್ಮ ದ್ವಾರಕೆಗೂ ಬಂದಿದ್ದರು. ಅವರು ನಾಟಕಕಾರರಲ್ಲ. ಆದರೂ 2021ರಲ್ಲಿ ಮೈಸೂರಿನ ರಂಗಾಯಣ 'ಪರ್ವ'ವನ್ನು ರಂಗಕ್ಕೆ ತಂದಾಗ ಜನ ಸುಮಾರು ಎಂಟು ಗಂಟೆ ಕೂತು ನೋಡಿದರು. ಅವರ ವಿಚಾರಗಳನ್ನು ಒಪ್ಪದವರು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ. ನೀವೂ ಒಪ್ಪದಿರಬಹುದು. ಧಾರಾಳವಾಗಿ ಜಗಳವಾಡಿ, ಆದರೆ ಓದಿ ಜಗಳವಾಡಿ.

ಅಲ್ಲೇ ಇದೆ ತೊಡಕು. "ಅಂಕಲ್, ಕನ್ನಡ ಮಾತಾಡ್ತೀನಿ, ಓದೋಕೆ ಬರಲ್ಲ" ಎಂದು ನಿಮ್ಮಲ್ಲಿ ಹಲವರು ನನಗೆ ಹೇಳಿದ್ದೀರಿ. ನಿಮ್ಮ ಅಪ್ಪ ಅಮ್ಮ ರಜೆಗೆ ಊರಿಗೆ ಹೋದಾಗಲೆಲ್ಲ ತಂದ ಕಾದಂಬರಿಗಳು ಮನೆಯ ಕಪಾಟಿನಲ್ಲಿವೆ. ಅವರ ನಂತರ ಅವನ್ನು ತೆರೆಯುವವರು ಯಾರು? ರದ್ದಿ ಅಂಗಡಿಯವನೇ?

ಕೆಲಸ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಶಾಲೆಯಲ್ಲಿ ನೀವು ಗುಜರಾತಿ ಕಲಿತಿದ್ದೀರಿ. ಅಲ್ಲಿಯೂ ಕ ಖ ಗ ಘ, ಇಲ್ಲಿಯೂ ಅದೇ ಸಾಲು, ಅದೇ ಕ್ರಮ. ದೆಹಲಿಯ ಕನ್ನಡ ಮಕ್ಕಳು ತಡವರಿಸುವ 'ಳ' ಅಕ್ಷರ ಗುಜರಾತಿಯಲ್ಲೂ ಇದೆ. ಹೊಸದಾಗಿ ಗಮನಿಸಬೇಕಾದದ್ದು ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘಗಳ ಭೇದ. ಉಳಿದದ್ದು ಅಕ್ಷರದ ಆಕಾರ ಮಾತ್ರ. ದಿನಕ್ಕೆ ನಾಲ್ಕು ಅಕ್ಷರ ಕಲಿತರೆ ಎರಡು ವಾರದಲ್ಲಿ ವರ್ಣಮಾಲೆ ಮುಗಿಯುತ್ತದೆ.

ವಡೋದರದವರಿಗೆ ಗ್ರಂಥಾಲಯದ ಮಾತು ಹೊಸದಲ್ಲ. 1910ರಲ್ಲಿ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ಹಳ್ಳಿಹಳ್ಳಿಗೂ ಪೆಟ್ಟಿಗೆಗಳಲ್ಲಿ ಪುಸ್ತಕ ಕಳಿಸುವ ಏರ್ಪಾಡು ಮಾಡಿದರು. ನಿಮ್ಮ ಪೆಟ್ಟಿಗೆ ಮನೆಗೇ ಬಂದು ಕೂತಿದೆ. ಬರುವ ಭಾನುವಾರ ಅಮ್ಮನ ಪಕ್ಕ ಕೂತು ಒಂದು ಪುಟ ಗಟ್ಟಿಯಾಗಿ ಓದಿ. ತಪ್ಪಿದರೆ ಅಮ್ಮ ನಗಲಿ. ನೀವೂ ನಕ್ಕು, ಮುಂದಿನ ಪುಟ ತಿರುವಿ.

ಯಾವ ಪುಸ್ತಕ ತೆರೆದಿರಿ ಎಂದು ನನಗೆ ಬರೆದು ತಿಳಿಸಿ. ಎರಡೇ ಸಾಲಾದರೂ ಸಾಕು, ಕನ್ನಡದಲ್ಲಿರಲಿ.