ಮಾತ್ರೆಯ ಹಣ ವಿಮೆಯಲ್ಲಿ ಸಿಗುವುದೇ?

ಸಹೋದರಿಯರೇ, ವರ್ಷವೂ ತಪ್ಪದೆ ಆರೋಗ್ಯ ವಿಮೆಯ ಕಂತು ಕಟ್ಟುತ್ತೇವೆ. ಆದರೂ ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆಗೆ ತಿಂಗಳು ತಿಂಗಳೂ ಕೈಯಿಂದಲೇ ಹಣ ಹೋಗುತ್ತದಲ್ಲ, ಏಕೆ? ಇದು ಕೇಳಲೇಬೇಕಾದ ಪ್ರಶ್ನೆ. ವಿಮೆ ಇದೆಯೆಂಬ ಧೈರ್ಯದಲ್ಲಿ ಹಣ ಎತ್ತಿಡದ ಮನೆಗಳಲ್ಲಿ ತಿಂಗಳ ಕೊನೆಗೆ ಎರಡು ಹೊತ್ತಿನ ಮಾತ್ರೆ ಒಂದು ಹೊತ್ತಿಗಿಳಿಯುತ್ತದೆ. ಹಾಗೆ ಸದ್ದಿಲ್ಲದೆ ಬಿಡುವವರು ಹೆಚ್ಚಾಗಿ ಹೆಂಗಸರೇ.

ನಮ್ಮ ದೇಶದ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವಂಥವು. ದಾಖಲಾಗಿದ್ದಾಗ ಕೊಟ್ಟ ಔಷಧಿ, ಅದರ ಹಿಂದುಮುಂದಿನ ಕೆಲವು ದಿನಗಳ ಔಷಧಿ, ಇಷ್ಟಕ್ಕೆ ಹಣ ಸಿಗುತ್ತದೆ. ದಿನಗಳ ಲೆಕ್ಕ ಪಾಲಿಸಿಯಿಂದ ಪಾಲಿಸಿಗೆ ಬೇರೆ. 2020ರಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರ 60 ದಿನ. ಅದೂ ದಾಖಲಾದ ಕಾಯಿಲೆಗೇ ಸಂಬಂಧಿಸಿದ ಔಷಧಿಯಾಗಿರಬೇಕು. ಕಾಲು ಮುರಿದು ದಾಖಲಾದವರು ಬಿ.ಪಿ. ಮಾತ್ರೆಯ ಬಿಲ್ಲನ್ನೂ ಸೇರಿಸಿ ಕಳುಹಿಸಿದರೆ ಆ ಮೊತ್ತವನ್ನು ಕಳೆದೇ ಕೊಡುತ್ತಾರೆ. ವಿಟಮಿನ್, ಟಾನಿಕ್‌ಗಳಂತೂ ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದಿದ್ದರಷ್ಟೇ ಲೆಕ್ಕಕ್ಕೆ. ಆದ್ದರಿಂದ ಬಿಡುಗಡೆಯಾದ ಮೇಲೂ ಔಷಧಿ ಅಂಗಡಿಯ ಬಿಲ್ಲು, ವೈದ್ಯರ ಚೀಟಿ ಎರಡನ್ನೂ ಜೋಪಾನವಾಗಿಡಿ.

ಆಯುಷ್ಮಾನ್ ಭಾರತ್ ಯೋಜನೆಯದು ಬೇರೆ ಕ್ರಮ. ಅದರಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಯೋಜನೆಯ ನಿಯಮದಂತೆ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಅದರಲ್ಲೇ ಸೇರಿದೆ. ಮನೆಗೆ ಹೊರಡುವ ದಿನ ಸಂಕೋಚಪಡದೆ ಕೇಳಿ. ಅದು ಯಾರ ಔದಾರ್ಯವೂ ಅಲ್ಲ.

ಹೊರರೋಗಿಗಳ ಔಷಧಿಗೂ ಹಣ ಕೊಡುವ ಪಾಲಿಸಿಗಳಿವೆ. ಆದರೆ ಕಂತು ಹೆಚ್ಚು, ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯೂ ಇರುತ್ತದೆ. ಹೆಚ್ಚುವರಿ ಕಂತು ಆ ಮಿತಿಗಿಂತ ಹೆಚ್ಚಾದರೆ ನಷ್ಟ ನಮಗೇ. ಏಜೆಂಟರು ಹೇಳಿದ್ದಲ್ಲ, ಪಾಲಿಸಿಯಲ್ಲಿ ಬರೆದದ್ದೇ ನಿಲ್ಲುವುದು. ಅಕ್ಷರ ಇರುವೆಯಷ್ಟು ಸಣ್ಣದು, ಭಾಷೆ ಇಂಗ್ಲಿಷ್. ಕಾಲೇಜಿಗೆ ಹೋಗುವ ಮಗಳನ್ನು ಕೂರಿಸಿ ಓದಿಸಿ. 2024ರ ನಿಯಮದಂತೆ ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂತಿರುಗಿಸಬಹುದು. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು, ಅದನ್ನೂ ನೋಡಿಕೊಳ್ಳಿ.

ಇನ್ನು ನಿತ್ಯದ ಮಾತ್ರೆ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಂಪೆನಿಯ ಹೆಸರಿಲ್ಲದೆ ಬಹಳ ಅಗ್ಗಕ್ಕೆ ಸಿಗುತ್ತದೆ. ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಎಂಬುದನ್ನು ವೈದ್ಯರಿಂದಲೇ ಬರೆಸಿಕೊಂಡು ಹೋಗಿ. ಇನ್ಸುಲಿನ್ ಮಾತ್ರ ಅವರನ್ನು ಕೇಳದೆ ಬದಲಿಸಬೇಡಿ.