ಕೋಡಿಗೆ ಮರಳಿನ ಚೀಲ ಪೇರಿಸಬೇಡಿ

ಕೆರೆ ಕೆಳಗಿನ ಊರುಗಳ ಬಂಧುಗಳೇ,

ಕೆರೆ ಕೋಡಿ ಬಿದ್ದರೆ ಬಾಗಿನ ಅರ್ಪಿಸುತ್ತೇವೆ, ಊರೆಲ್ಲ ಸೇರಿ ಹಬ್ಬ ಮಾಡುತ್ತೇವೆ. ಆ ಸಂಭ್ರಮದ ಬೆನ್ನಿಗೇ ಕೆಲವು ಕಡೆ ಕೋಡಿಯ ಮೇಲೆ ಮರಳಿನ ಚೀಲಗಳೂ ಏರುತ್ತವೆ. ಮೀನು ಹೋಗದಂತೆ ಬಲೆ ಕಟ್ಟುವುದೂ ಉಂಟು. ದಯವಿಟ್ಟು ಬೇಡ. ಬರಗಾಲ ಕಂಡವರಿಗೆ ಇನ್ನೊಂದಡಿ ನೀರಿನ ಆಸೆ ಎಂಥದೆಂದು ನನಗೂ ಗೊತ್ತು. ಆದರೆ ಏರಿ ಮಣ್ಣಿನದು. ಕೋಡಿ ಕಟ್ಟಿಕೊಂಡರೆ ನೀರು ಏರಿಯನ್ನೇ ಹತ್ತುತ್ತದೆ, ಹತ್ತಿದ ಮೇಲೆ ಕೊರೆಯಲು ರಾತ್ರಿಯೊಂದು ಸಾಕು. ನಮ್ಮ ಕೆರೆಗಳು ಸರಪಳಿಯಲ್ಲಿವೆ, ಒಂದರ ಕೋಡಿ ನೀರು ಮತ್ತೊಂದಕ್ಕೆ. ಮೇಲಿನದು ಒಡೆದರೆ ಕೆಳಗಿನದಕ್ಕೂ ಕುತ್ತು. ಮಳೆಯ ರಭಸವನ್ನು ತಡೆದು ಹಳ್ಳದ ನೆರೆ ತಗ್ಗಿಸುತ್ತಿದ್ದ ಏರಿಯೇ ಆಗ ನೆರೆಗೆ ಬಾಗಿಲಾಗುತ್ತದೆ.

ಏರಿ ಒಡೆಯಲು ಮಳೆಯೇ ಬೇಕಿಲ್ಲ. 2019ರ ನವೆಂಬರ್ 24ರ ಭಾನುವಾರ ಬೆಂಗಳೂರಿನ ಹುಳಿಮಾವು ಕೆರೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದದ್ದೇ ಕಾರಣವೆಂದು ಆಗ ವರದಿಯಾಯಿತು. ಹೊಲಕ್ಕೆ ನಾಲ್ಕು ಗಾಡಿ ಮಣ್ಣು ಬೇಕೆಂದರೆ ಕೆರೆಯಂಗಳದ ಹೂಳಿದೆ, ಏರಿಯ ಬುಡಕ್ಕೆ ಗುದ್ದಲಿ ಹಾಕುವುದು ಬೇಡ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವಿದೆ, 1369ರದು. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ದುಡಿಮೆ ಎಂದು ಅದು ಲೆಕ್ಕ ಕೊಡುತ್ತದೆ. ಕೆರೆಗೆ ಬರುವ ಆರು ದೋಷಗಳನ್ನು ಹೇಳುವಾಗ ಮೊದಲು ಎತ್ತಿಕೊಳ್ಳುವುದು ಏರಿಯಿಂದ ನೀರು ಒಸರುವುದನ್ನು. ಆರೂವರೆ ಶತಮಾನವಾದರೂ ಇದು ಬದಲಾಗಿಲ್ಲ. ಏರಿಯ ಹಿಂಬದಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಗಮನವಿಡಿ. ಆ ನೀರು ಕೆಂಪಗೆ, ರಾಡಿಯಾಗಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಬೆಳಗಾಗಲೆಂದು ಕಾಯಬೇಡಿ. ಕೆಳಗಿನ ಮನೆಗಳವರನ್ನು ಎಬ್ಬಿಸಿ, ಪಂಚಾಯ್ತಿಗೂ ತಹಶೀಲ್ದಾರರಿಗೂ ಫೋನ್ ಮಾಡಿ.

ಹಿಂದೆ ಇದನ್ನೆಲ್ಲ ನೀರುಗಂಟಿ ನೋಡಿಕೊಳ್ಳುತ್ತಿದ್ದ. ಈಗ ಬಹಳಷ್ಟು ಊರುಗಳಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ರಾಜ್ಯದಲ್ಲಿ ಕೆರೆಗಳು ಮಾತ್ರ 36 ಸಾವಿರಕ್ಕೂ ಹೆಚ್ಚು. ಅದಕ್ಕೇ ಕೇಳುತ್ತಿದ್ದೇನೆ: ಮುಂಗಾರು ಹಿಡಿಯುವ ಮುಂಚೆ, ನೀರು ತಗ್ಗಿರುವಾಗ, ಊರಿನ ನಾಲ್ಕು ಜನ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಜಾಲಿ ಇನ್ನೂ ಸಸಿಯಾಗಿರುವಾಗಲೇ ಕಿತ್ತುಹಾಕಿ, ಮರವಾದ ಮೇಲೆ ಕಡಿದರೆ ಒಳಗೆ ಕೊಳೆತ ಬೇರೇ ನೀರಿಗೆ ದಾರಿಯಾಗುತ್ತದೆ. ಹೆಗ್ಗಣದ ಬಿಲ, ಕುಸಿದ ಕಲ್ಲು, ತೂಬಿನ ಸುತ್ತ ಬಿರುಕು ಕಂಡರೆ ಫೋಟೊ ಸಮೇತ ಅರ್ಜಿ ಬರೆದು ಪಂಚಾಯ್ತಿಗೆ ಕೊಡಿ. ವಾಪಸ್ ಬರುವಾಗ ಕೋಡಿಗೆ ಅಡ್ಡ ಬಿದ್ದ ಚೀಲ, ಮುಳ್ಳುಕಂಟಿಗಳನ್ನು ಎಳೆದುಹಾಕಿ.